ಪೋಸ್ಟರಿನಲ್ಲಿ ತಟ್ಟೆ ಇರಲಿಲ್ಲ

೯ ನವೆಂಬರ್ ೧೯೮೬

ಇವತ್ತು ಚೆನ್ನರಾಯಪ್ಪನವರು ನಮ್ಮ ಕಾಲೋನಿಗೆ ಬಂದಿದ್ದರು. ಬೇವಿನ ಮರದ ತನಕ ಬಂದು, ಸ್ಕೂಟರ್ ಮೇಲೆ ಕೂತೇ ಹಾರ್ನ್ ಹೊಡೆದರು. ನಾನು ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದೆ. ಕತ್ತಿ ಕೆಳಗಿಟ್ಟು ಓಡಿದೆ. ಓಟವೆಂದರೆ ನನ್ನ ಓಟ. ಎಡಪಾದದ ಮುಂಭಾಗ ಎಪ್ಪತ್ತೊಂದರ ಯುದ್ಧದಲ್ಲಿ ಮೈನು ಸಿಡಿದು ಹೋಗಿದೆ.

“ನಲ್ಲಪ್ಪ, ಜಿಲ್ಲಾ ಪರಿಷತ್ತಿಗೆ ನಿಂತ್ಕೊಂಡಿದೀನಿ, ಗೊತ್ತಾಯ್ತಾ?” ಎಂದರು.

“ಗೊತ್ತಾಯ್ತು ಗೌಡ್ರೇ. ಬಲು ಸಂತೋಷ.”

“ಮಾಜಿ ಯೋಧ ಅಂತ ಪೋಸ್ಟರ್ ಮಾಡಿಸ್ಬೇಕು ಅಂತಾರೆ ಪಾರ್ಟಿಯೋರು. ನನ್ನತ್ರ ಯೂನಿಫಾರಂ ಫೋಟೋ ಒಂದೂ ಇಲ್ಲ. ನೀನು ಅಲ್ಲಿ ಡಬ್ಬಿ ಕ್ಯಾಮೆರಾ ಹಿಡ್ಕೊಂಡು ಕಂಡೋರ್ನೆಲ್ಲ ತೆಗೀತಿದ್ದೆಯಲ್ಲ, ಅವೆಲ್ಲ ಏನಾದ್ವು?”

ಒಂದೇ ಊರಿನಿಂದ ಒಂದೇ ದಿನ ಸೈನ್ಯಕ್ಕೆ ಸೇರಿದವರು ನಾವು. ಒಂದೇ ಪ್ಲಟೂನಿನಲ್ಲಿ ಸೇತುವೆ ಕಟ್ಟಿದೆವು, ನೆಲ ಕೆರೆದು ಮೈನು ತೆಗೆದೆವು. ಊರಿಗೆ ಬಂದ ಮೇಲೆ ಆ ದಿನಗಳ ಬಗ್ಗೆ ಅವರು ಬಾಯಿಬಿಟ್ಟದ್ದು ಇದೇ ಮೊದಲು. ನನ್ನ ಕ್ಯಾಮೆರಾ ಅವರಿಗೆ ನೆನಪಿದೆ!

ರೋಲುಗಳು ಟ್ರಂಕಿನಲ್ಲೇ ಇವೆ, ಉಲ್ಲನ್ ಕಾಲುಚೀಲದ ಒಳಗೆ. ಗಡಿಯಲ್ಲಿ ಫೋಟೋ ತೆಗೆಯಬಾರದೆಂದು ಹುಕುಂ ಇತ್ತು. ತೊಳೆಸಲು ಕೊಟ್ಟರೆ ಸಿಕ್ಕಿಬೀಳುತ್ತೇನೆಂಬ ಭಯ. ಆಮೇಲೆ ಆಸ್ಪತ್ರೆ, ಕಾಲು, ಊರು. ಆಮೇಲೆ ನೋಡುವ ಮನಸ್ಸೇ ಬರಲಿಲ್ಲ.

ಗಂಗುಲಮ್ಮನಿಗೆ ಹೇಳಿದೆ. “ಓಟು ಬೇಕಾದಾಗ ನೆನಪಾಯ್ತಾ ಫೋಟೋ?” ಎಂದಳು. ಕಟ್ಟಿಕೊಂಡು ಇಷ್ಟು ವರ್ಷವಾದರೂ ನನ್ನ ಹೆಂಡತಿಗೆ ಆ ಮನುಷ್ಯರನ್ನು ಕಂಡರಾಗದು. ಅಲ್ಲಿ ನಾವಿಬ್ಬರೂ ಹೇಗಿದ್ದೆವೆಂದು ಅವಳೇನು ಬಲ್ಲಳು.

೧೪ ನವೆಂಬರ್

ಚಿಕ್ಕಬಳ್ಳಾಪುರಕ್ಕೆ ಹೋಗಿ ಸಾದಿಕ್ ಪಾಷಾ ಅವರ ಸ್ಟುಡಿಯೋದಲ್ಲಿ ರೋಲುಗಳನ್ನು ಕೊಟ್ಟುಬಂದೆ. ಅವರು ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಹದಿನೈದು ವರ್ಷದ್ದಾ? ಬಂದ್ರೆ ಬರ್ತದೆ ನಲ್ಲಪ್ಪನೋರೆ, ಬರದಿದ್ರೆ ನನ್ನ ಬೈಬೇಡಿ,” ಎಂದರು.

ಬಸ್ಸಿನಲ್ಲಿ ಬರುವಾಗ ಒಂದೊಂದನ್ನೂ ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಕ್ಯಾಮೆರಾದ ಗುಂಡಿ ಒತ್ತಿದ ಸದ್ದು ನೆನಪಿದೆ, ಯಾರನ್ನು ತೆಗೆದೆನೆಂಬುದು ಮರೆತಿದೆ.

೨೨ ನವೆಂಬರ್

ಫೋಟೋಗಳು ಬಂದವು.

ಒಂದು ರೋಲು ಪೂರ್ತಿ ಕಪ್ಪು. ಉಳಿದವು ಮಂಜು ಬಿದ್ದ ಹಾಗೆ ಇವೆ, ಆದರೂ ಮುಖಗಳು ಗುರುತು ಸಿಗುತ್ತವೆ. ಸ್ಟುಡಿಯೋಕ್ಕೆ ಯಾರೋ ಮದುವೆಯವರು ಬಂದಿದ್ದರು. ನಾನು ಬೆಂಚಿನ ಮೂಲೆಗೆ ಸರಿದು ಕೂತು ನೋಡಿದೆ.

ಅಡುಗೆ ಡೇರೆಯ ಮುಂದೆ ಎಲ್ಲರೂ ಸಾಲಾಗಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದೇವೆ. ಸುಬೇದಾರರು ಟ್ರಕ್ಕಿನ ಕನ್ನಡಿ ನೋಡಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದಾರೆ, ಅರ್ಧ ಮುಖಕ್ಕೆ ಸೋಪು. ಮುಳ್ಳುತಂತಿಯ ಮೇಲೆ ಒಣಗಲು ಹಾಕಿದ ಚಡ್ಡಿ, ಬನಿಯನ್ನು. ವೇಲೂರು ಕಡೆಯ ಆರೋಗ್ಯಂ ಬಕೆಟ್ ಮಗುಚಿಕೊಂಡು ತಮಟೆ ಹಾಗೆ ಬಾರಿಸುತ್ತಿದ್ದಾನೆ. ಅವನ ಬಾಯಿ ಅಗಲವಾಗಿ ತೆರೆದಿದೆ, ಹಾಡುತ್ತಿದ್ದಿರಬೇಕು. ಮುಂದಿನ ವಾರ ಅವನು ಇರಲಿಲ್ಲ. ಚೆನ್ನರಾಯಪ್ಪ ಆಗ ನನಗೆ ಬರೀ ಚೆನ್ನ; ಗುಂಡಿಯೊಳಗೆ ನನ್ನ ಬೂಟಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾನೆ. ಚೆನ್ನ ಸನಿಕೆ ಊರಿಕೊಂಡು ನಿಂತಿದ್ದಾನೆ, ಟೋಪಿ ವಾರೆ.

ಮದುವೆಯವರು ಹೋದ ಮೇಲೆ ಸಾದಿಕ್ ಪಾಷಾ ಹತ್ತಿರ ಬಂದರು. “ಯುದ್ಧದ ಫೋಟೋ ಅಂದ್ರಿ. ಇದ್ರಲ್ಲಿ ಯುದ್ಧ ಎಲ್ಲಿದೆ?”

“ಇದೇ ಸಾಬ್ರೇ ಯುದ್ಧ. ಉಳಿದದ್ದು ನಡೀತಿದ್ದಾಗ ಯಾರ ಕೈನೂ ಖಾಲಿ ಇರ್ಲಿಲ್ಲ.”

ಕೊನೆಯದನ್ನು ಆರೋಗ್ಯಂ ತೆಗೆದದ್ದು. ಕಾಲುವೆ ದಾಟುವಾಗ ನನ್ನ ತಟ್ಟೆ ನೀರಿಗೆ ಹೋಗಿತ್ತು. ಅವತ್ತಿನಿಂದ ನಾನೂ ಚೆನ್ನನೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಮುಳ್ಳುತಂತಿ ಕೊಯ್ದು ನನ್ನ ಬಲಗೈಗೆ ಬಟ್ಟೆ ಸುತ್ತಿದೆ. ಇಬ್ಬರ ಮಂಡಿಗಳ ಮಧ್ಯೆ ತಟ್ಟೆ. ಚೆನ್ನನ ಕೆನ್ನೆಯಲ್ಲಿ ಒಂದು ತುತ್ತು ಉಬ್ಬಿದೆ, ಅವನ ಕೈ ಇನ್ನೊಂದು ತುತ್ತನ್ನು ನನ್ನ ಬಾಯಿಗೆ ತುರುಕುತ್ತಿದೆ. ಇಬ್ಬರೂ ನಗುತ್ತಿದ್ದೇವೆ. ಏನು ಮಾತಿಗೆ ನಕ್ಕೆವೋ.

ಅದಕ್ಕೆ ಇನ್ನೊಂದು ಪ್ರಿಂಟು ಹಾಕಿಸಿಕೊಂಡೆ.

೨೪ ನವೆಂಬರ್

ಚೆನ್ನರಾಯಪ್ಪನವರ ಮೋಟಾರ್ ಮನೆ ಹತ್ತಿರ ಹೋಗಿ ಫೋಟೋ ತೋರಿಸಿದೆ. ಅವರು ಬದುವಿನ ಮೇಲೆ ಕೂತಿದ್ದರು, ನಾನು ನಿಂತಿದ್ದೆ. ಆಲೂಗಡ್ಡೆ ಫೋಟೋ ನೋಡಿ ಜೋರಾಗಿ ನಕ್ಕರು. “ಲೋ, ಈ ಸುಬೇದಾರ ನನ್ನ ಕೈಲಿ ಎಷ್ಟು ಮೂಟೆ ಸುಲಿಸ್ದಾ ಅಂತೀನಿ! ಕೂತ್ಕೋ ಬಾರೋ, ಯಾಕ್ ನಿಂತಿದೀಯ?” ಎಂದರು. ಪಕ್ಕದಲ್ಲಿ ಕೂತೆ. ಆಮೇಲೆ ಆರೋಗ್ಯಂ ಫೋಟೋ ಬಂತು. ಅವರು ಕಣ್ಣೊರೆಸಿಕೊಂಡರು. ನಿಜವಾಗಿಯೂ ಒರೆಸಿಕೊಂಡರು.

ತಟ್ಟೆಯ ಫೋಟೋ ಬಂದಾಗ ಅದನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು, ಸುತ್ತ ಒಮ್ಮೆ ನೋಡಿದರು. ಹೊಲದಲ್ಲಿ ಯಾರೂ ಇರಲಿಲ್ಲ.

“ಇದನ್ನ ಯಾರಿಗಾದ್ರೂ ತೋರಿಸಿದೀಯಾ?”

“ಇಲ್ಲ ಗೌಡ್ರೇ.”

“ತೋರಿಸ್ಬೇಡ. ಅದು ಮಿಲಿಟ್ರಿ ಕಣೋ ನಲ್ಲ. ಇದು ಊರು. ನಮ್ಮಮ್ಮ ಇನ್ನೂ ಇದಾಳೆ.”

ಅದನ್ನು ಜೇಬಿಗೆ ಹಾಕಿಕೊಂಡರು. ಸನಿಕೆಯ ಫೋಟೋ ಪೋಸ್ಟರಿಗೆ ಆಗುತ್ತದೆಂದು ತೆಗೆದುಕೊಂಡರು. “ಬಂದೂಕ ಹಿಡ್ಕೊಂಡಿರೋದು ಒಂದೂ ಇಲ್ವಲ್ಲಯ್ಯ,” ಎಂದು ಬೇಜಾರು ಮಾಡಿಕೊಂಡರು.

ಇನ್ನೊಂದು ಪ್ರಿಂಟು ಇದೆಯೆಂದು ನಾನು ಹೇಳಲಿಲ್ಲ. ಅವರದಾದರೂ ಏನು ತಪ್ಪು. ನಿಂತಿರುವುದು ಚುನಾವಣೆಗೆ. ನಾಲ್ಕು ಜನರ ಮುಖ ನೋಡಬೇಕು. ನಾನೇ ಅವರ ಜಾಗದಲ್ಲಿದ್ದರೂ ಹಾಗೇ ಹೇಳುತ್ತಿದ್ದೆನೇನೋ.

೧೩ ಡಿಸೆಂಬರ್

ಮಂಡಿಕಲ್ ಬಸ್ ನಿಲ್ದಾಣದಲ್ಲಿ ಪೋಸ್ಟರ್ ನೋಡಿದೆ. ಸನಿಕೆಯನ್ನು ಅಳಿಸಿ ಬಂದೂಕ ಬರೆದಿದ್ದಾರೆ. ಬರೆದವನು ಬಂದೂಕ ಕಂಡವನಲ್ಲ, ಗುಂಡು ಹಾರಿಸಲು ಎಳೆಯುವ ಕುದುರೆಯೇ ತಲೆಕೆಳಗಾಗಿದೆ.

ನಗು ಬಂತು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

೨೫ ಡಿಸೆಂಬರ್

ಮಗಳು ಲಕ್ಷ್ಮಿದೇವಮ್ಮ ರಜಕ್ಕೆ ಬಂದಿದ್ದಾಳೆ. ಚಿಕ್ಕಬಳ್ಳಾಪುರದ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಎ. ಓದುತ್ತಾಳೆ. ಸ್ವೆಟರ್ ಹುಡುಕಲು ಟ್ರಂಕು ತೆಗೆದವಳ ಕೈಗೆ ಫೋಟೋಗಳು ಸಿಕ್ಕವು.

“ಅಪ್ಪಾ, ಇದು ನೀನಾ? ಹಿಂಗೂ ನಗ್ತಿದ್ಯಾ ನೀನು?”

ಆಮೇಲೆ ಪಕ್ಕದಲ್ಲಿರುವವರನ್ನು ಗುರುತು ಹಿಡಿದಳು. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದಳು.

“ಒಂದೇ ತಟ್ಟೇಲಿ ಉಂಡಿದೀರ. ಊರಿಗೆ ಬಂದ ಮೇಲೆ ಒಂದು ದಿನಾನಾದ್ರೂ ಅವರ ಮನೆ ಜಗಲಿ ಹತ್ತಿದೀಯೇನಪ್ಪ?”

“ಹತ್ತೋ ಕೆಲಸ ಬಿದ್ದಿಲ್ಲ.”

“ಇದನ್ನ ಊರಿಗೆಲ್ಲ ತೋರಿಸ್ಬೇಕು.”

“ಬಾಯಿ ಮುಚ್ಚು,” ಎಂದೆ. ಸುಬೇದಾರರ ದನಿ ಬಂದುಬಿಟ್ಟಿತು. ಗಂಗುಲಮ್ಮ ಒಲೆ ಮುಂದೆ ಕೂತವಳು ತಿರುಗಿ ನೋಡಿ, “ಮಗಳ ಮೇಲೆ ಬರ್ತದೆ ನೋಡು ಮಿಲಿಟ್ರಿ ಗಂಟ್ಲು,” ಎಂದಳು.

೨೯ ಡಿಸೆಂಬರ್

ಲಕ್ಷ್ಮಿಯ ಹಾಸ್ಟೆಲ್ ಗೆಳತಿ ಚಿಂತಾಮಣಿಯಿಂದ ಬಂದಿದ್ದಳು. ಬಸ್ ಇಳಿದವಳನ್ನು ಇವಳು ನೇರ ಬಯ್ಯಪ್ಪನ ಹೋಟೆಲಿಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂತಿದ್ದಾಳೆ. ಬಯ್ಯಪ್ಪ ಬೈಯಲಿಲ್ಲವಂತೆ. ಆ ಹುಡುಗಿಯ ಮುಂದೆ ಟೀ ಇಟ್ಟು, ಇವಳಿಗೆ ಮೆತ್ತಗೆ, “ಲಕ್ಷ್ಮಮ್ಮಾ, ನಿಮ್ಮ ಲೋಟ ಹೊರಗಡೆ ಗೂಡಿನಲ್ಲಿದೆಯಲ್ಲಮ್ಮ, ತಗೊಂಡ್ಬಾ, ಹುಯ್ತೀನಿ,” ಎಂದನಂತೆ.

ಇದನ್ನು ಹೇಳಿದ್ದು ಆ ಗೆಳತಿ. ಅವಳೂ ಟೀ ಕುಡಿಯದೆ ಎದ್ದುಬಂದಳಂತೆ. ಲಕ್ಷ್ಮಿ ಅಳಲಿಲ್ಲ. ಗೆಳತಿಗೆ ಮುದ್ದೆ ಬಡಿಸಿ, ತಾನೂ ಉಂಡು, ಪಾತ್ರೆ ತೊಳೆದಿಟ್ಟಳು. ಅಳುವುದೇ ವಾಸಿಯಿತ್ತು.

೧ ಜನವರಿ ೧೯೮೭

ಬೆಳಿಗ್ಗೆ ಎರ್ರಪ್ಪ ಓಡಿಬಂದ. ಅವನು ನಮ್ಮ ಕಾಲೋನಿಯವನೇ, ಚೆನ್ನರಾಯಪ್ಪನವರ ಮನೆಯಲ್ಲಿ ದನ ನೋಡಿಕೊಳ್ಳುತ್ತಾನೆ. “ಅಣ್ಣಾ, ಹೋಟ್ಲು ಗೋಡೆ ಮೇಲೆ ನಿನ್ ಫೋಟೋ ಅಂಟಿಸವ್ರೆ!”

ಹೋದೆ. ತಟ್ಟೆಯ ಫೋಟೋ. ಮಗಳು ಮೈದಾ ಅಂಟಿನಲ್ಲಿ ನೀಟಾಗಿ ಅಂಟಿಸಿದ್ದಾಳೆ. ಸುತ್ತ ಜನ. ಒಬ್ಬ ಮುದುಕ ಗೋಡೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, “ಗೌಡನೇ ಕಣ್ರಲಾ, ಇವನ ತಟ್ಟೇಲೇ ಉಣ್ತಾವ್ನೆ,” ಎಂದ.

ನಾನೇ ಎಲ್ಲರೆದುರು ಉಗುರಿನಿಂದ ಕೆರೆದು ತೆಗೆದೆ. ಚೂರುಚೂರಾಗಿ ಬಂತು. ಆ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಚೆನ್ನರಾಯಪ್ಪನವರ ಮನೆಗೆ ಹೋಗಿ ಅಂಗಳದಲ್ಲಿ ನಿಂತೆ. ಅವರ ತಾಯಿ ಚಿಕ್ಕವೆಂಕಟಮ್ಮನವರು ಬಾಗಿಲ ಮರೆಯಿಂದ ತೆಲುಗಿನಲ್ಲಿ ಬೈದರು. ನನ್ನನ್ನಲ್ಲ, ಮಗನನ್ನು. ಹೊರಗೆ ಉಂಡು ಬಂದವನನ್ನು ಇಷ್ಟು ವರ್ಷ ಒಳಗೆ ಬಿಟ್ಟುಕೊಂಡೆನಲ್ಲ ಎಂದು.

“ತಪ್ಪಾಯ್ತು ಗೌಡ್ರೇ. ಹುಡುಗಿ, ತಿಳೀಲಿಲ್ಲ,” ಎಂದೆ.

ಅವರು ನನ್ನ ಮುಖ ನೋಡಲಿಲ್ಲ. “ಹೋಗು. ಆಮೇಲೆ ಹೇಳ್ತೀನಿ,” ಎಂದರು.

ಮನೆಗೆ ಬಂದರೆ ಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು. “ನೀನೇ ಕಿತ್ತಾಕ್ದಾ ಅಪ್ಪಾ?” ಎಂದಳು.

೪ ಜನವರಿ

ಅಬ್ಬಾ, ಹೇಗೆ ಬರೆಯಲಿ. ಪಾರ್ಟಿಯ ಜೀಪು ಬಂತು. ಪೊಲೀಸರನ್ನೇ ಕರೆಸಿದ್ದಾರೆ ಎಂದುಕೊಂಡು ಗಂಗುಲಮ್ಮ ಮಗಳನ್ನು ಒಳಕ್ಕೆ ಎಳೆದುಕೊಂಡಳು. ಇಳಿದವರು ಚೆನ್ನರಾಯಪ್ಪನವರು. ನಗುತ್ತಿದ್ದರು.

“ಆ ಫೋಟೋ ಇನ್ನೊಂದು ಇದೆಯೇನೋ ನಲ್ಲ? ನನ್ನ ಹತ್ರ ಇದ್ದಿದ್ದನ್ನ ಅಮ್ಮ ಒಲೆಗೆ ಹಾಕಿದ್ಲು.”

“ನೆಗೆಟಿವ್ ಸ್ಟುಡಿಯೋದಲ್ಲಿದೆ ಗೌಡ್ರೇ. ಯಾಕೆ?”

“ವಿಷಯ ಕೋಲಾರದ ತನಕ ಹೋಗಿದೆ. ಅಲ್ಲಿರೋ ನಮ್ಮ ನಾಯಕರು, ಇಂಥ ಫೋಟೋ ಇಟ್ಕೊಂಡು ಬಂದೂಕ ಯಾಕಯ್ಯಾ ಬರೆಸ್ದೆ ಅಂತ ನನ್ನೇ ಬೈದ್ರು. ಪ್ರತಿ ಊರಲ್ಲೂ ಅಂಟಿಸಾಣ ಅಂತಾರೆ. ಹತ್ತು ಜೀಪು.”

ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದರು. ದಾರಿಯಲ್ಲಿ ಹೆಗಲ ಮೇಲೆ ಕೈ ಹಾಕಿದರು. ಸಾದಿಕ್ ಪಾಷಾ ಹತ್ತಿರ ಆ ನೆಗೆಟಿವ್‌ನಿಂದ ಪ್ರಿಂಟು ಹಾಕಿಸಿಕೊಟ್ಟೆ. ಈ ಹೋಬಳಿಯಲ್ಲಿ ಇನ್ನು ಎಲ್ಲರೂ ನೋಡುತ್ತಾರೆ. ಬಯ್ಯಪ್ಪನೂ ನೋಡುತ್ತಾನೆ. ಮಗಳು ಮಾಡಿದ್ದೇ ಸರಿಯಾಯಿತು, ನಾನೇ ಹೆದರುಪುಕ್ಕಲ.

ಮನೆಯಲ್ಲಿ ಹೇಳಿದರೆ ಇಬ್ಬರೂ ಖುಷಿಪಡಲಿಲ್ಲ. “ಮುಂದಿನ ಸೀಟಾ?” ಎಂದಳು ಗಂಗುಲಮ್ಮ. ಅಷ್ಟೇ. ಲಕ್ಷ್ಮಿ ಬಟ್ಟೆ ಮಡಚಿಕೊಂಡು ಸಂಜೆ ಬಸ್ಸಿಗೆ ಹಾಸ್ಟೆಲಿಗೆ ಹೋದಳು.

೯ ಜನವರಿ

ಪೋಸ್ಟರ್ ಬಂದಿದೆ. ಅದರಲ್ಲಿ ತಟ್ಟೆ ಇಲ್ಲ.

ಕೆಳಗಡೆಯಿಂದ ಕತ್ತರಿಸಿದ್ದಾರೆ. ತಟ್ಟೆ ಇಲ್ಲ, ಮಂಡಿಗಳಿಲ್ಲ, ನನ್ನ ಬಟ್ಟೆ ಸುತ್ತಿದ ಕೈಯೂ ಇಲ್ಲ. ಅವರ ಕೆನ್ನೆಯಲ್ಲಿ ಉಬ್ಬಿದ್ದ ತುತ್ತನ್ನು ತಿದ್ದಿ ನುಣ್ಣಗೆ ಮಾಡಿದ್ದಾರೆ. ಉಳಿದಿರುವುದು ಅವರ ಕೈ, ತೆರೆದ ನನ್ನ ಬಾಯಿ. ಕೆಳಗೆ ಕೆಂಪು ಅಕ್ಷರ: “ಹರಿಜನನಿಗೆ ತುತ್ತು ಉ‌ಣಿಸಿದ ವೀರಯೋಧ.”

೧೧ ಜನವರಿ

ಬಯ್ಯಪ್ಪನ ಹೋಟೆಲಿಗೆ ಹೋಗಿದ್ದೆ. ಪೋಸ್ಟರನ್ನು ಗೋಡೆಗೆ ಅಂಟಿಸಿದ್ದಾನೆ, ಮಗಳು ಅಂಟಿಸಿದ್ದ ಜಾಗದಲ್ಲೇ. ಗೂಡಿನಿಂದ ಲೋಟ ತೆಗೆದುಕೊಂಡು ಹಿಡಿದೆ. ಮೇಲಿನಿಂದ ಹುಯ್ದ. ಪೋಸ್ಟರಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕುಡಿದೆ.

“ಫೇಮಸ್ ಆಗ್ಬಿಟ್ಟೆ ನಲ್ಲಪ್ಪ!” ಎಂದ ಬಯ್ಯಪ್ಪ. ವ್ಯಂಗ್ಯವಿರಲಿಲ್ಲ. ಮನಸಾರೆ ಹೇಳಿದ. ಲೋಟ ತೊಳೆದು ಗೂಡಿನಲ್ಲಿಟ್ಟು ಬಂದೆ.

ದಾರಿಯಲ್ಲಿ ಚೆನ್ನರಾಯಪ್ಪ ಸಿಕ್ಕಿದರು. ಕೇಳಬಾರದೆಂದಿದ್ದೆ, ಬಾಯಿಗೆ ಬಂದೇಬಿಟ್ಟಿತು.

“ತಟ್ಟೆ ಎಲ್ಲಿ ಹೋಯ್ತು ಗೌಡ್ರೇ?”

“ಯಾವ ತಟ್ಟೆ? ಓ, ಅದಾ. ಅಕ್ಷರಕ್ಕೆ ಜಾಗ ಸಾಲ್ಲಿಲ್ಲ ಕಣೋ. ನಿನ್ನ ಮುಖ ಬಂದಿದೆಯಲ್ಲ, ಇನ್ನೇನ್ ಬೇಕು?”

“ನೀವೂ ಉಣ್ತಿದ್ರಿ.”

ಜೊತೆಯಲ್ಲಿದ್ದವರ ಕಡೆ ಒಮ್ಮೆ ನೋಡಿ ನಕ್ಕರು. “ನಲ್ಲಪ್ಪ ಹಳೇ ಸೋಲ್ಜರು. ಜ್ಞಾಪಕ ಸ್ವಲ್ಪ ಹಿಂದುಮುಂದು,” ಎಂದರು. ಜೊತೆಯವರೂ ನಕ್ಕರು.

೧೭ ಜನವರಿ

ಹುಳಕ್ಕೆ ಕೊನೆಯ ಜ್ವರ, ಪೊರೆ ಬಿಡುವ ಹೊತ್ತು. ಸೊಪ್ಪು ತಿನ್ನದೆ ತಲೆಯೆತ್ತಿಕೊಂಡು ಮಲಗಿವೆ. ಮನೆಯೊಳಗೆ ಸದ್ದಿಲ್ಲ.

ಸುತ್ತಲಿನ ಕಾಲೋನಿಗಳಿಗೆಲ್ಲ ಪ್ರಚಾರಕ್ಕೆ ಬರಬೇಕೆಂದು ಜೀಪು ಕಳಿಸಿದ್ದರು. ಕಾಲು ನೋವೆಂದೆ. ಕಾಲು ನೋಯುತ್ತಿರಲಿಲ್ಲ.

೨೮ ಜನವರಿ

ಚೆನ್ನರಾಯಪ್ಪ ಗೆದ್ದರು. ಪಟಾಕಿ ಹೊಡೆಯುತ್ತಿದ್ದಾರೆ. ಕಾಲೋನಿಗಳ ಓಟೆಲ್ಲ ಅವರಿಗೇ ಬಿದ್ದಿವೆಯಂತೆ, ನನ್ನ ಬಾಯಿ ನೋಡಿ.

೧ ಫೆಬ್ರವರಿ

ಗೆದ್ದ ಊಟ ಇಟ್ಟಿದ್ದರು. ಹೋಗುವುದಿಲ್ಲವೆಂದಿದ್ದೆ. ಗಂಗುಲಮ್ಮ, “ಹೋಗದಿದ್ರೆ ಅದಕ್ಕೂ ಒಂದು ಮಾತು ಬರ್ತದೆ, ಹೋಗಿ ಉಂಡ್ಕೊಂಡು ಬಾ,” ಎಂದಳು.

ಮನೆ ಮುಂದೆ ಶಾಮಿಯಾನ. ಕಾಲೋನಿಯವರಿಗೆ ಹಿತ್ತಲಲ್ಲಿ, ಕೊಟ್ಟಿಗೆಯ ಪಕ್ಕ. ನಾನು ಅಲ್ಲೇ ಸಾಲಿನಲ್ಲಿ ಕೂತೆ. ಎಲೆಗೆ ನೀರು ಚಿಮುಕಿಸಿಕೊಳ್ಳುತ್ತಿದ್ದಾಗ ಒಬ್ಬ ಬಂದು, “ನಲ್ಲಪ್ಪ, ನೀನು ಜಗಲಿಗೆ ಬರ್ಬೇಕಂತೆ,” ಎಂದ.

ಆ ಜಗಲಿ ಹತ್ತಿದ್ದು ಇದೇ ಮೊದಲು. ಪೇಪರಿನವರು ಬಂದಿದ್ದರು. ಸಾದಿಕ್ ಪಾಷಾ ಕ್ಯಾಮೆರಾ ಹಿಡಿದು ನಿಂತಿದ್ದರು. ಚಾಪೆಯ ಮೇಲೆ ಹೊಳೆಯುವ ಹೊಸ ಸ್ಟೀಲ್ ತಟ್ಟೆ. ಅನ್ನ, ಹುಳಿ, ಪಾಯಸ.

“ಬಾರೋ ನಲ್ಲ, ಕೂತ್ಕೋ. ಅವತ್ತಿನ ಹಂಗೇ,” ಎಂದರು ಚೆನ್ನರಾಯಪ್ಪ.

ಕೂತೆ. ಅವರು ಎದುರಿಗೆ ಕೂತು ಅನ್ನ ಕಲಸಿದರು. ಕಲಸುವ ರೀತಿ ಅದೇ, ಹೆಬ್ಬೆರಳು ಒತ್ತಿ ಕಲಸುವುದು. ಒಂದು ಕ್ಷಣ ನನಗೆ ಎಲ್ಲ ಮರೆತುಹೋಯಿತು. ತುತ್ತು ಎತ್ತಿದರು.

“ಬಾಯಿ ತೆಗಿ.”

ತೆರೆದೆ.

“ಗೌಡ್ರೇ, ಇನ್ನೊಂಚೂರು ಹತ್ರ... ಹಾಂ,” ಎಂದರು ಸಾದಿಕ್ ಪಾಷಾ. ಬೆಳಕು ಬಿತ್ತು. ಪೇಪರಿನವರು ಇನ್ನೊಂದು ಎಂದರು. ಮತ್ತೆ ಬೆಳಕು.

ಚೆನ್ನರಾಯಪ್ಪ ತುತ್ತನ್ನು ವಾಪಸ್ಸು ತಟ್ಟೆಯಲ್ಲಿಟ್ಟು ಎದ್ದರು. ಒಬ್ಬ ಚೆಂಬು ಹಿಡಿದು ಸಿದ್ಧನಿದ್ದ. ಉಜ್ಜಿ ಉಜ್ಜಿ ಕೈ ತೊಳೆದುಕೊಂಡರು. “ಉಣ್ಣು ನಲ್ಲ, ಏನೂ ಬಿಡಬೇಡ,” ಎಂದು ಪೇಪರಿನವರ ಜೊತೆ ಒಳಗೆ ಹೋದರು.

ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಸಾದಿಕ್ ಪಾಷಾ ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಾ ಗೋಡೆ ನೋಡುತ್ತಿದ್ದರು.

ಆ ಒಂದು ತುತ್ತನ್ನು ಪಕ್ಕಕ್ಕೆ ಸರಿಸಿ, ಉಳಿದದ್ದನ್ನೆಲ್ಲ ಉಂಡೆ. ನಿಧಾನವಾಗಿ ಉಂಡೆ. ಹಸಿವಿತ್ತು. ಹುಳಿಗೆ ಉಪ್ಪು ಸರಿಯಾಗಿತ್ತು.

ಆ ಮನೆಯಲ್ಲಿ ನಾವು ಉಂಡರೆ ನಮ್ಮ ಎಂಜಲು ನಾವೇ ಎತ್ತಿ, ಕೂತ ಜಾಗಕ್ಕೆ ಸಗಣಿ ಬಳಿದು ಬರಬೇಕು. ಎರ್ರಪ್ಪ ಆಗಲೇ ಸಗಣಿ ನೀರಿನ ಬಕೆಟ್ ತಂದು ಮೆಟ್ಟಿಲ ಬುಡದಲ್ಲಿ ಇಟ್ಟಿದ್ದ. ನಾನು ಎದ್ದೆ. ಅಂಗಳದಲ್ಲಿ ಕೈ ತೊಳೆದೆ. ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ತಟ್ಟೆ ಅಲ್ಲೇ ಇದೆ.

ಗಂಗುಲಮ್ಮ, “ಹೊಟ್ಟೆ ತುಂಬ್ತಾ?” ಎಂದಳು. ತುಂಬಿತೆಂದೆ.

೨ ಫೆಬ್ರವರಿ

ಮಧ್ಯಾಹ್ನ ಎರ್ರಪ್ಪ ಬಂದು ಬಾಗಿಲಲ್ಲಿ ಕೂತ. ತಟ್ಟೆ ಜಗಲಿ ಮೇಲೇ ಇದೆಯಂತೆ. ಯಾರೂ ಮುಟ್ಟುವಂತಿಲ್ಲ, ದಾಟುವಂತಿಲ್ಲ. ಮುದುಕಮ್ಮ ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದಾರೆ, ಊಟ ಬಿಟ್ಟಿದ್ದಾರೆ. ಅಭಿನಂದನೆ ಹೇಳಲು ಬಂದವರಿಗೆಲ್ಲ ಹಾರ ಹಿಡಿದುಕೊಂಡು ಅಂಗಳದಲ್ಲೇ ನಿಲ್ಲುವ ಗತಿ.

“ನಂಗೆ ತಟ್ಟೆ ಎತ್ತು ಅಂತವ್ರೆ ಅಣ್ಣ. ಕೈ ನೋವು ಅಂತ ಹೇಳ್ಬಿಟ್ಟು ಬಂದೆ. ಎತ್ಲಾ, ಬ್ಯಾಡ್ವಾ?”

“ನಿನ್ನ ಅನ್ನ ಅಲ್ಲಿದೆ ಕಣೋ. ನಾನು ಹೆಂಗೆ ಹೇಳ್ಲಿ.”

ಆಮೇಲೆ ಹುಳಕ್ಕೆ ಸೊಪ್ಪು ಹಾಕಲು ನನ್ನ ಜೊತೆ ಕೈಗೂಡಿಸಿದ. ಆ ಮನೆ ಕಡೆ ಹೋಗಲಿಲ್ಲ.

೩ ಫೆಬ್ರವರಿ

ಚೆನ್ನರಾಯಪ್ಪ ಬಂದ. ಸ್ಕೂಟರ್ ಇಲ್ಲ, ನಡೆದುಕೊಂಡು. ನಮ್ಮ ಬಾಗಿಲ ತನಕ ಬಂದು ನಿಂತ. ನಾನು ಚಂದ್ರಿಕೆಯ ತಡಿಕೆ ಹೆಣೆಯುತ್ತಾ ಕೂತಿದ್ದೆ. ಹುಳ ಗೂಡು ಕಟ್ಟುವ ಹೊತ್ತಿಗೆ ಅದು ಸಿದ್ಧವಿರಬೇಕು.

“ನಲ್ಲ, ಏನೋ ಇದು? ಬಂದು ತಟ್ಟೆ ಎತ್ತು. ಅಮ್ಮ ಮೂರು ಹೊತ್ತಿಂದ ನೀರೂ ಕುಡಿದಿಲ್ಲ.”

“ಉಂಡಾಯ್ತು. ನನ್ನ ಕೆಲಸ ಮುಗೀತು.”

“ಊರಿನ ರೀತಿ ನಿಂಗೆ ಗೊತ್ತಿಲ್ವಾ?”

“ಅವತ್ತಿನ ಹಂಗೇ ಅಂದೆಯಲ್ಲ. ಅವತ್ತು ನನ್ನ ಕೈಗೆ ಗಾಯ ಆಗಿದ್ದಾಗ ತಟ್ಟೆ ತೊಳೀತಿದ್ದೋರು ಯಾರು?”

ಬೀದಿಯ ಎರಡೂ ಕಡೆ ನೋಡಿದ. ಗಂಗುಲಮ್ಮ ಒಳಗೆ ಸೊಪ್ಪು ಹೆಚ್ಚುವ ಸದ್ದು ನಿಲ್ಲಿಸಿದ್ದಳು.

“ನೀನೇ ಎತ್ತು ಚೆನ್ನ.”

“ಯಾರಾದ್ರೂ ನೋಡಿದ್ರೆ?” ಎಂದ. ದನಿ ಸಣ್ಣಗಾಗಿತ್ತು. ಊರೂರಿನ ಗೋಡೆಯ ಮೇಲೆಲ್ಲ ಅವನ ಕೈ ನನ್ನ ಬಾಯಿಯ ಹತ್ತಿರವಿದೆ. ಅವನು ಕೇಳುತ್ತಾನೆ, ಯಾರಾದರೂ ನೋಡಿದರೆ ಎಂದು.

“ನೋಡ್ಲಿ,” ಎಂದೆ.

ನಾನು ಬಿದಿರಿನ ಸೀಳು ಬಗ್ಗಿಸುತ್ತಿದ್ದೆ. ತಲೆಯೆತ್ತಿದಾಗ ಹೋಗಿದ್ದ.

೧೪ ಫೆಬ್ರವರಿ

ಬಹಳ ದಿನ ಬರೆದಿರಲಿಲ್ಲ. ಹೊಸ ಬೆಳೆಯ ಹುಳ ಕೊನೆಯ ಜ್ವರದಿಂದ ಎದ್ದಿವೆ. ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯೊಳಗೆ ಮಳೆ ಬಂದ ಹಾಗೆ ಅವು ಮೇಯುವ ಸದ್ದು.

ಎರ್ರಪ್ಪ ಹೇಳಿದ ಪ್ರಕಾರ, ಚೆನ್ನ ಇಲ್ಲಿಗೆ ಬಂದುಹೋದ ಮಾರನೆಯ ದಿನ ಹೆಂಗಸರು ಅಂಗಳಕ್ಕೆ ನೀರು ಹಾಕುವ ಮೊದಲೇ ಚೆನ್ನನೇ ತಟ್ಟೆ ಎತ್ತಿಕೊಂಡು ಹೋಗಿ ತಿಪ್ಪೆಗೆ ಎಸೆದಿದ್ದಾನೆ. ಕೊಟ್ಟಿಗೆಯಲ್ಲಿದ್ದ ಎರ್ರಪ್ಪನನ್ನು ನೋಡಿರಲಿಲ್ಲವಂತೆ. ಆಮೇಲೆ ಜಗಲಿ ತೊಳೆಸಿ ಹೋಮ ಮಾಡಿಸಿದರಂತೆ. ಎರ್ರಪ್ಪನನ್ನು ಕೆಲಸದಿಂದ ಬಿಡಿಸಿದ್ದಾರೆ. ಮಂಚೇನಹಳ್ಳಿ ಕಡೆ ಇಟ್ಟಿಗೆ ಗೂಡಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ನನ್ನ ಮೇಲೆ ಸಿಟ್ಟಿದೆಯೋ ಏನೋ, ಹೇಳಲಿಲ್ಲ.

ಲಕ್ಷ್ಮಿ ಬಂದಿದ್ದಳು. ಸಾದಿಕ್ ಪಾಷಾ ಕೇಳದೆಯೇ ಎಲ್ಲ ಫೋಟೋಗಳನ್ನೂ ದೊಡ್ಡದಾಗಿ ಮಾಡಿ ಅವಳ ಕೈಲಿ ಕಳಿಸಿದ್ದರು. ಗಂಗುಲಮ್ಮ ಮೊದಲ ಸಲ ಒಂದೊಂದಾಗಿ ನೋಡಿದಳು. ಬಕೆಟ್ ಬಾರಿಸುತ್ತಿರುವವನು ಯಾರೆಂದು ಕೇಳಿದಳು. ಆರೋಗ್ಯಂ ಬಗ್ಗೆ ಹೇಳಿದೆ. ಹೇಳುತ್ತಾ ಹೋದಂತೆ ತುಂಬ ಹೊತ್ತಾಯಿತು, ಒಲೆ ಆರಿಹೋಗಿತ್ತು. ಅವನನ್ನೂ, ಆಲೂಗಡ್ಡೆ ಸುಲಿಯುವವರನ್ನೂ, ಸೋಪು ಮುಖದ ಸುಬೇದಾರರನ್ನೂ ಗೋಡೆಗೆ ಹಾಕಿದಳು. ತಟ್ಟೆಯ ಫೋಟೋವನ್ನು ಹಾಕಲಿಲ್ಲ. ನಾನೂ ಹಾಕೆನ್ನಲಿಲ್ಲ.

ನನ್ನ ಸೊಪ್ಪಿನ ತೋಟಕ್ಕೆ ಹೋಗುವ ಕಾಲುದಾರಿ ಚೆನ್ನನ ಹೊಲದ ಮೇಲಿದೆ. ಮೊನ್ನೆಯಿಂದ ಅದಕ್ಕೆ ಜಾಲಿಮುಳ್ಳು ಹಾಕಿಸಿದ್ದಾನೆ. ಈಗ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗಬೇಕು. ಇವತ್ತು ಎರಡು ಸಲ ಹೊರೆ ಹೊತ್ತು ತಂದೆ. ಪಾದ ಉರಿಯುತ್ತಿದೆ, ನಾಳೆಯೂ ಹೋಗಬೇಕು. ಏರಿಯ ಮೇಲೆ ನೆರಳಿಲ್ಲ. ಆದರೆ ಕಾಲುದಾರಿಯಲ್ಲಿದ್ದ ಹಾಗೆ ಎದುರು ಬಂದ ಊರವರಿಗೆ ದಾರಿ ಬಿಟ್ಟು ಬೇಲಿ ಮುಳ್ಳಿನೊಳಗೆ ಸರಿದು ನಿಲ್ಲುವ ಕೆಲಸ ಈ ಏರಿಯ ಮೇಲಿಲ್ಲ.